ಸಂಸತ್ತು ವಿಸರ್ಜನೆಯಾದಾಗ ನಾನು ಹೇಳಿದ ಸುಳ್ಳು

ಆಸ್ಟ್ರೇಲಿಯಾದ ಸಂಸತ್ತು ವಿಸರ್ಜನೆಯಾದ ಮರುದಿನ ಅದನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಿದವರು ಆಂಟಿ. ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ನಾವು ಕೆಲವು ಮನೆಯವರು ಸೇರಿ ನಡೆಸುತ್ತಿದ್ದ ಶನಿವಾರದ ಕನ್ನಡ ತರಗತಿಗೆ ಅವರೇ ಟೀಚರ್. ಮೈಸೂರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದ ಮೇಲೆ ಮಗನ ಮನೆಗೆ ಬಂದವರು. ನಮ್ಮಲ್ಲಿ ಮುಸ್ಲಿಂ ಮನೆ ಅದೊಂದೇ.

"ಸೋ ದ ಕಿಂಗ್ ಜಸ್ಟ್ ಸ್ಯಾಕ್ಸ್ ದೆಮ್?" ಎಂದು ನನ್ನ ಮಗಳು ಕೇಳಿದಳು.

"ಲಂಡನ್ನಲ್ಲಿರೋ ರಾಜ ತನಗೆ ತೋಚಿದ ಹಾಗೆ ಅವ್ರನ್ನ ಮನೆಗೆ ಕಳಿಸೋಕಾಗಲ್ಲ ಪುಟ್ಟಿ. ಪ್ರಧಾನಿ ಕೇಳ್ಬೇಕು. ಆಮೇಲೆ ಅವನ ಹೆಸರಲ್ಲಿ ಗವರ್ನರ್ ಜನರಲ್ ರುಜು ಹಾಕ್ತಾರೆ. ಮುಂದೆ ಯಾರು ಬರ್ಬೇಕು ಅಂತ ನಿಮ್ಮ ಅಪ್ಪ ಅಮ್ಮ ವೋಟ್ ಹಾಕಿ ಹೇಳ್ತಾರೆ," ಎಂದರು ಆಂಟಿ.

ಆ ತಿಂಗಳು ಎಲ್ಲೆಲ್ಲೂ ಬಿಸಿ. ದೂರದ ಯುದ್ಧವೊಂದರ ವಿಷಯಕ್ಕೆ ಇಲ್ಲಿ ಮೆರವಣಿಗೆ, ಎದುರು ಮೆರವಣಿಗೆ. ಯಾವ ಪಕ್ಷ ಯಾವ ಧರ್ಮದವರ ಪರ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನವೂ ಜಗಳ. ಅದರ ನಡುವೆಯೇ ಅಭ್ಯರ್ಥಿಗಳನ್ನು ಕರೆಸಿ ಒಂದು ಸಭೆ ಮಾಡೋಣವೆಂದು ಹೊರಟೆವು. ಅದನ್ನು ನಡೆಸುವ ಸಮಿತಿಗೆ ಕಾರ್ಯದರ್ಶಿ ನಾನು. ನಿರೂಪಣೆ ಆಂಟಿಯದು ಎಂದು ಮೊದಲೇ ಮಾತಾಗಿತ್ತು.

ಸಭೆಗೆ ಮೂರು ದಿನವಿದ್ದಾಗ ಸಮಿತಿಯ ಹಿರಿಯರೊಬ್ಬರು ಫೋನ್ ಮಾಡಿದರು. "ಅವ್ರು ಒಳ್ಳೇವ್ರೇ ಕಣಮ್ಮ. ಆದ್ರೆ ಈಗಿನ ಟೈಮಲ್ಲಿ ಸ್ಟೇಜ್ ಮೇಲೆ ಅವ್ರು ನಿಂತ್ರೆ ನಾಲ್ಕು ಮನೆಯವ್ರು ಬರಲ್ಲ ಅಂತಿದಾರೆ. ನೀನೇ ನಯವಾಗಿ ಹೇಳ್ಬಿಡು."

ಆಗುವುದಿಲ್ಲ ಎನ್ನಬಹುದಿತ್ತು. ನಾನು ಅನ್ನಲಿಲ್ಲ. ಗುಂಪು ಒಡೆಯದಿದ್ದರೆ ಸಾಕು ಎಂದು ನನಗೇ ಸಮಾಧಾನ ಹೇಳಿಕೊಂಡು ಆಂಟಿಗೆ ಫೋನ್ ಮಾಡಿದೆ. "ಟೈಮ್ ಸಾಲಲ್ಲ ಆಂಟಿ, ನಿರೂಪಣೆಯನ್ನೇ ಕೈಬಿಟ್ಟಿದೀವಿ," ಎಂದೆ.

"ಸರಿ ಬಿಡಮ್ಮ. ನಾನು ಕೂತ್ಕೊಂಡು ಕೇಳ್ತೀನಿ."

ಅವರು ಬರುತ್ತಾರೆಂದು ಆಗಲೇ ಗೊತ್ತಾಗಿತ್ತು. ಆದರೂ ಬೇರೊಬ್ಬರನ್ನು ನಿರೂಪಣೆಗೆ ಒಪ್ಪಿಸಿದೆ. ಭಾನುವಾರ ಆಂಟಿ ಹಸಿರು ರೇಷ್ಮೆ ಸೀರೆಯುಟ್ಟು ಬಂದು ಕೊನೆಯ ಸಾಲಿನಲ್ಲಿ ಕುಳಿತರು. ನಿರೂಪಕಿ ಮೈಕ್ ಹಿಡಿದು "ಎಲ್ಲರಿಗೂ ನಮಸ್ಕಾರ" ಎಂದಾಗ ಆಂಟಿ ನನ್ನತ್ತ ನೋಡಿದರು. ನಾನು ಬಗ್ಗಿ ನೀರಿನ ಬಾಟಲಿಗಳನ್ನು ಜೋಡಿಸತೊಡಗಿದೆ. ಜೋಡಿಸಲು ಏನೂ ಉಳಿದಿರಲಿಲ್ಲ.

ಮುಂದಿನ ಶನಿವಾರ ಅವರು ಎಂದಿನಂತೆ ಬಂದು ಒತ್ತಕ್ಷರ ಹೇಳಿಕೊಟ್ಟರು. ತರಗತಿ ಮುಗಿದೊಡನೆ ನಾನು ಮಗಳನ್ನು ಕರೆದುಕೊಂಡು ಹೊರಟೆ. ಚುನಾವಣೆ ಮುಗಿದು ಎರಡು ತಿಂಗಳಿಗೆ ಅವರು ಪರ್ತ್‌ನಲ್ಲಿರುವ ಮಗಳ ಮನೆಗೆ ಹೊರಟುಹೋದರು.

ಕಳೆದ ತಿಂಗಳು ಆಫೀಸಿನ ಕೆಲಸಕ್ಕೆ ಪರ್ತ್‌ಗೆ ಹೋದವಳು ಮೋರ್ಲಿ ಬಡಾವಣೆಯಲ್ಲಿದ್ದ ಅವರ ಮಗಳ ಮನೆಯ ಬಾಗಿಲು ತಟ್ಟಿದೆ. ಆಂಟಿ ಶ್ಯಾವಿಗೆ ಪಾಯಸ ಕೊಟ್ಟರು. ಒಂದು ಚಮಚವೂ ಬಾಯಿಗಿಡುವ ಮೊದಲು ನಡೆದದ್ದೆಲ್ಲವನ್ನೂ ಹೇಳಿಬಿಟ್ಟೆ.

"ಗೊತ್ತಿತ್ತಮ್ಮ," ಎಂದರು. "ಫೋನಲ್ಲೇ ನಿನ್ನ ದನಿ ಹೇಳ್ತು. ಅವತ್ತು ನೀನು ನಿಜ ಹೇಳಿದ್ದಿದ್ರೆ ನಾನೇ ಬೇಡ ಅಂತಿದ್ದೆ. ನಿನ್ನ ಕಷ್ಟ ನಂಗರ್ಥ ಆಗ್ತಿತ್ತು. ಸುಳ್ಳು ಅಂತ ಗೊತ್ತಿದ್ರೂ, ಇರಲಾರದು, ಇವ್ಳು ಹಾಗೆ ಮಾಡಲ್ಲ ಅನ್ಕೊಂಡು ಸೀರೆ ಉಟ್ಕೊಂಡು ಬಂದೆ ನೋಡು, ಅದೇ ನಂಗೆ ನಾಚಿಕೆ."

"ನಾಚಿಕೆ ನನಗಾಗ್ಬೇಕು ಆಂಟಿ. ಕ್ಷಮಿಸಿ."

"ನನ್ನೊಬ್ಬಳ ಹತ್ರ ಹೇಳಿದ್ರೆ ಆಯ್ತಾ? ಗುಂಪಿನವ್ರಿಗೆಲ್ಲ ಹೇಳಿದೀಯಾ?"

ಹೇಳಿರಲಿಲ್ಲ. ಆಂಟಿ ಪಾಯಸದ ಬಟ್ಟಲು ತೆಗೆದುಕೊಂಡು ಒಳಗೆ ಹೋದರು.

ಅಡಿಲೇಡಿಗೆ ಮರಳಿದ ದಿನವೇ ಗುಂಪಿಗೆ ಬರೆದೆ: ಆಂಟಿಯನ್ನು ನಿರೂಪಣೆಯಿಂದ ಯಾಕೆ ಕೈಬಿಟ್ಟೆವು, ನಾನು ಯಾವ ಸುಳ್ಳು ಹೇಳಿದೆ, ಎಲ್ಲ. ಇಬ್ಬರು ಗುಂಪು ಬಿಟ್ಟರು. ಹಿರಿಯರು ಫೋನ್ ಮಾಡಿ, "ಮುಗಿದ ಕಥೆ ಯಾಕಮ್ಮ ಕೆದಕಿದೆ?" ಎಂದು ಬೈದರು. ಬರೆದದ್ದನ್ನು ಆಂಟಿಗೂ ಕಳಿಸಿದ್ದೇನೆ. ನೀಲಿ ಟಿಕ್ ಬಿದ್ದಿದೆ, ಅವರು ಓದಿದ್ದಾರೆ. ಉತ್ತರ ಬಂದಿಲ್ಲ.