ಅತ್ತೆಯವರ ಜೊತೆ ನೋಡಿದ ಹೊಸ ಸೀರಿಯಲ್ಲು

ಅತ್ತೆಯವರು ಉಡುಪಿಯಿಂದ ಕಡಲಾಚೆಯ ಕ್ಯಾಂಪ್‌ಬೆಲ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿಳಿದ ವಾರವೇ, ನಾನು ಕೆಲಸಕ್ಕಿದ್ದ ಪುಟ್ಟ ಇಂಟರ್‌ನೆಟ್ ಕಂಪನಿ ಮುಚ್ಚಿಹೋಯಿತು. ಗಂಡ ಆಫೀಸಿಗೆ ಹೊರಟ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಲ್ಲಿಯವರೆಗೆ ನಮ್ಮ ಮಾತು ಊಟ ತಿಂಡಿಯಿಂದಾಚೆ ಹೋಗಿದ್ದೇ ಇಲ್ಲ.

ಅದು ಟಿವಿಯಲ್ಲಿ ಹೊಸ ಸೀರಿಯಲ್ಲುಗಳು ಶುರುವಾಗುವ ಕಾಲ. ದೊಡ್ಡ ಆಸ್ಪತ್ರೆಯ ಕೆಲಸ ಕಳೆದುಕೊಂಡ ನರ್ಸೊಬ್ಬಳು ಸಣ್ಣ ಊರಿಗೆ ಬಂದು ಕ್ಲಿನಿಕ್ಕು ತೆರೆಯಲು ಹೆಣಗುವ ಕಥೆಯೊಂದು ಬರುತ್ತಿತ್ತು. ವಾರವಾರ ಸಂಜೆ ನಾನು ಇಂಗ್ಲಿಷ್ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಅತ್ತೆ ಕಣ್ಣು ಕೀಳದೆ ನೋಡುತ್ತಿದ್ದರು.

"ಇವಳು ಅಳುವಾಗ ಮ್ಯೂಸಿಕ್ಕೇ ಇಲ್ಲ, ನೋಡು. ಅದಕ್ಕೇ ನಿಜವಾಗಿ ಅತ್ತ ಹಾಗೆ ಕಾಣ್ತದೆ" ಎಂದರು ಒಮ್ಮೆ. ನನಗದು ಹೊಳೆದಿರಲಿಲ್ಲ.

ಮೂರನೆಯ ವಾರ, ಬ್ಯಾಂಕಿನವರು ನರ್ಸಿಗೆ ಮತ್ತೆ ಸಾಲವಿಲ್ಲವೆಂದಾಗ ಅತ್ತೆ ನನ್ನ ಕಡೆ ತಿರುಗಿದರು. "ಆ ಹೆಣ್ಣು ಎಷ್ಟು ಬಾಗಿಲು ತಟ್ಟಿದಳು! ನೀನು ಎಷ್ಟು ಕಡೆ ಕೇಳಿದೆ?"

"ಎಲ್ಲಾ ಕಡೆ ಲೇಆಫು ನಡೀತಿದೆ ಅತ್ತೆ. ಈಗ ಯಾರು ತಗೋತಾರೆ?"

"ಕೇಳಿದ್ರೆ ಅಲ್ವಾ ಗೊತ್ತಾಗುದು?"

ಮುಖ ಬಿಸಿಯಾಯಿತು. ಆದರೂ ಮರುದಿನ ಕಂಪ್ಯೂಟರಿನ ಮುಂದೆ ಕೂತು ನಾಲ್ಕಾರು ಕಡೆ ಅರ್ಜಿ ಕಳಿಸಿದೆ. ಸ್ಯಾನ್ ಮಟಿಯೋದ ಕಂಪನಿಯೊಂದು ಇಂಟರ್‌ವ್ಯೂಗೆ ಕರೆಯಿತು, ಅದೂ ಸೀರಿಯಲ್ಲಿನ ದಿನವೇ.

"ನೀನು ಹೋಗು. ನಾನು ನೋಡಿ ಹೇಳ್ತೇನೆ" ಎಂದರು ಅತ್ತೆ.

ಫ್ರೀವೇ ಟ್ರಾಫಿಕ್ಕಿನಲ್ಲಿ ಸಿಕ್ಕಿ, ದಣಿದು ಮನೆಗೆ ಬಂದೆ. ಅತ್ತೆ ತಟ್ಟೆಗೆ ಅನ್ನ, ಸಾರು ಬಡಿಸಿ ಕಥೆ ಶುರುಮಾಡಿದರು. ಹೊಸದಾಗಿ ಬಂದ ಪಾತ್ರವೊಂದು ನರ್ಸಿನ ತಮ್ಮನೋ, ಮದುವೆಯಾಗಲಿರುವವನೋ ಅವರಿಗೆ ತಿಳಿದಿರಲಿಲ್ಲ. "ಯಾರಾದ್ರೂ ಆಗ್ಲಿ, ಒಳ್ಳೆಯವ" ಎಂದುಬಿಟ್ಟರು. ನಾನು ಎಷ್ಟೋ ದಿನದ ಮೇಲೆ ಮನಸಾರೆ ನಕ್ಕೆ.

ಮುಂದಿನ ವಾರ ಆ ಹೊತ್ತಿಗೆ ಬೇರೇನೋ ಬಂತು. ವಿಚಾರಿಸಿದರೆ ಸೀರಿಯಲ್ಲೇ ನಿಂತಿತ್ತು.

"ಜನ ನೋಡ್ಲಿಲ್ಲವಂತೆ ಅತ್ತೆ, ಅದಕ್ಕೆ ನಿಲ್ಲಿಸಿಬಿಟ್ರು."

"ನಾವು ನೋಡಿದೆವಲ್ಲ ಮಾರಾಯ್ತಿ!" ಅವರಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಕ್ಲಿನಿಕ್ಕು ಏನಾಯಿತೆಂದು ನಾವಿಬ್ಬರೂ ದಿನಗಟ್ಟಲೆ ವಾದಿಸಿದೆವು. ಚೆನ್ನಾಗಿ ನಡೆಯಿತೆಂದು ಅವರು, ಅಷ್ಟು ಸುಲಭವಲ್ಲವೆಂದು ನಾನು. ಹಾಗೆ ವಾದಿಸುತ್ತಿರುವಾಗಲೇ ಒಂದು ಬೆಳಿಗ್ಗೆ ಸ್ಯಾನ್ ಮಟಿಯೋದಿಂದ ಫೋನು ಬಂತು. ಕೆಲಸ ಸಿಕ್ಕಿತ್ತು.

ಗಂಡನಿಗೆ ತಿಳಿಸಬೇಕೆಂದು ಫೋನ್ ನಂಬರು ಒತ್ತುತ್ತಿದ್ದೆ. "ಸ್ವಲ್ಪ ಕೊಡು" ಎಂದು ಅತ್ತೆ ರಿಸೀವರು ತೆಗೆದುಕೊಂಡು, ಉಡುಪಿಯಲ್ಲಿದ್ದ ತಮ್ಮ ತಂಗಿಗೆ ಕರೆ ಮಾಡಿ, ತುಳುವಿನಲ್ಲಿ ಗಟ್ಟಿಯಾಗಿ ಸೊಸೆ ಎಷ್ಟು ಬಾಗಿಲು ತಟ್ಟಿ ಕೆಲಸ ಗಿಟ್ಟಿಸಿದಳೆಂದು ಹೇಳತೊಡಗಿದರು. ಅಷ್ಟು ತುಳು ನನಗೂ ಅರ್ಥವಾಗುತ್ತಿತ್ತು.