ಮುಡಿಯೊಳಗಿದ್ದ ಚೆಕ್ಕು

ಈ ಅನುಭವಕ್ಕೆ ನಾನು ತೆತ್ತದ್ದು ಇಪ್ಪತ್ತೈದು ರೂಪಾಯಿ ಮುಂಗಡ, ಜೊತೆಗೆ ಮೂರು ದಿನ ಚೌಕಾಸಿ ಮಾಡಿ ಒಂಬೈನೂರಕ್ಕೆ ಇಳಿಸಿದ್ದ ಒಂದು ಡೀಸೆಲ್ ಎಂಜಿನು. ಸಂಜೆಯೊಳಗೆ ಉಳಿದ ಹಣ ತಂದರೆ ಮಾತ್ರ ಎಂದು ಮೂಡಬಿದಿರೆಯ ವ್ಯಾಪಾರಿ ಹೇಳಿದ್ದ. ನಾನು ಹೋಗಲೇ ಇಲ್ಲ. ಕಾರಣ ಕೇಳಿದರೆ ನೀವು ನಗಬಹುದು. ಇಂಥದ್ದನ್ನು ಹೇಳುವವರನ್ನು ಕಂಡು ನಾನೂ ನಕ್ಕವನೇ.

ಅರವತ್ತರ ದಶಕದ ಆರಂಭ. ಬಂಟ್ವಾಳದಲ್ಲಿ ನನ್ನದು ಗೇರುಬೀಜ ಕೊಳ್ಳುವ ಅಂಗಡಿ. ತಲೆಹೊರೆಯಿಂದ ಮೇಲೆ ಬಂದವನಿಗೆ ಬ್ಯಾಂಕಿನವರು ಬರೆದದ್ದೇ ವೇದ. ಪಾಸ್‌ಪುಸ್ತಕದಲ್ಲಿ ಒಂಬೈನೂರ ಮೂವತ್ತು ಇತ್ತು. ಗುಮಾಸ್ತ ಮೋನಪ್ಪನ ನಗದು ಪುಸ್ತಕ ಬ್ಯಾಂಕಿನಲ್ಲಿರುವುದು ಐನೂರು ಮಾತ್ರ ಎನ್ನುತ್ತಿತ್ತು.

ಅವನು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಬೆರಳಿಟ್ಟು ತೋರಿಸಿದ. ಎರಡು ತಿಂಗಳ ಹಿಂದೆ ನಾನು ಬೆಳ್ತಂಗಡಿಗೆ ಹೋಗಿದ್ದಾಗ, ಸಿದ್ಧಕಟ್ಟೆಯ ರುಕ್ಕಕ್ಕ ಎಂಬವಳಿಗೆ ಬೀಜದ ಬಾಬ್ತು ನಾನೂರ ಮೂವತ್ತರ ಚೆಕ್ಕು ಕೊಟ್ಟಿದ್ದಾನೆ, ನಾನು ಸಹಿ ಹಾಕಿಟ್ಟು ಹೋದದ್ದು. ಅದಿನ್ನೂ ಬ್ಯಾಂಕಿಗೆ ಬಂದಿಲ್ಲ.

"ಆ ಹಣ ಅವಳದ್ದು ಧನಿ. ಬ್ಯಾಂಕಿನವರಿಗೆ ಗೊತ್ತಿಲ್ಲ, ನಮಗೆ ಗೊತ್ತುಂಟಲ್ಲ?"

"ಎರಡು ತಿಂಗಳು ಹಣ ಬಿಟ್ಟು ಕೂತುಕೊಳ್ಳುವವರು ಯಾರು ಮಾರಾಯ? ಕಾಗದ ಎಲ್ಲಿಯೋ ಬಿದ್ದುಹೋಗಿದೆ" ಎಂದು ನಾನು ಎಂಜಿನಿಗೆ ಚೆಕ್ಕು ಬರೆದು ಜೇಬಿಗಿಟ್ಟೆ.

ಮಧ್ಯಾಹ್ನ ಹೊರಡುವಾಗ ಮೆಟ್ಟಿಲ ಬಳಿ ಒಬ್ಬ ಮುದುಕಿ ನಿಂತಿದ್ದಳು. ಮಳೆ ಸುರಿಯುತ್ತಿತ್ತು, ಅವಳಲ್ಲಿ ಕೊಡೆ ಇರಲಿಲ್ಲ. ಎಡಗಿವಿಯ ಹಾಲೆ ಓಲೆಯ ಭಾರಕ್ಕೆ ಹರಿದು ಎರಡಾಗಿತ್ತು. "ನನ್ನದು ಮುಡಿಯೊಳಗೆ ಉಂಟು ಧನಿಗಳೇ, ಮುಟ್ಟಬೇಡಿ" ಎಂದಳು. ಬೈಹುಲ್ಲಿನಲ್ಲಿ ಅಕ್ಕಿ ಕಟ್ಟಿದ ಮುಡಿ ಮಾರಲು ಬಂದವಳೆಂದು ತಿಳಿದು ಬೇಡ ಎಂದೆ. ಕೊಡೆ ಎತ್ತಿಕೊಂಡು ತಿರುಗುವಷ್ಟರಲ್ಲಿ ಅವಳು ಇರಲಿಲ್ಲ. ಬಾಗಿಲಿಗೇ ಮುಖಮಾಡಿ ಕುಳಿತಿದ್ದ ಮೋನಪ್ಪ, ಬೇಡ ಎಂದದ್ದು ಯಾರಿಗೆ ಎಂದು ನನ್ನನ್ನೇ ಕೇಳಿದ.

ಬಸ್ಸಿನಲ್ಲಿ ಆ ಮಾತು ತಲೆಯಿಂದ ಹೋಗಲಿಲ್ಲ. ಮೂಡಬಿದಿರೆಯ ದಾರಿಯಲ್ಲೇ ಸಿಗುವ ಸಿದ್ಧಕಟ್ಟೆಯಲ್ಲಿ ಇಳಿದು ರುಕ್ಕಕ್ಕನ ಮನೆ ಕೇಳಿಕೊಂಡು ಹೋದೆ. ಚಾಪೆಯ ಮೇಲೆ ಮಲಗಿದ್ದವಳು ಅವಳೇ. ಅದೇ ಹರಿದ ಕಿವಿ. ಮಳೆಗಾಲದ ಮೊದಲಲ್ಲೇ ಜಾರಿ ಬಿದ್ದು ಸೊಂಟ ಮುರಿದಿದೆ, ಅಂದಿನಿಂದ ಹೊಸ್ತಿಲು ದಾಟಿಲ್ಲ ಎಂದಳು ಬಸುರಿ ಮಗಳು. ನಾನು ಚೆಕ್ಕಿನ ಮಾತೆತ್ತಿದ್ದೇ ತಡ, ಮಗಳು ಮೂಲೆಯಲ್ಲಿದ್ದ ಅಕ್ಕಿಮುಡಿಯ ಹುಲ್ಲು ಸಡಿಲಿಸಿ, ಕೈಹಾಕಿ ಅದನ್ನು ಹೊರತೆಗೆದಳು.

"ಬಿದ್ದೆ, ಅಷ್ಟರಲ್ಲಿ ಆಟಿ ತಿಂಗಳು ಬಂತು. ಕೆಟ್ಟ ತಿಂಗಳಲ್ಲಿ ಹಣ ಒಳಗೆ ತರಬಾರದಲ್ಲ? ಅದು ಕಳೆದು ಸೋಣ ತಿಂಗಳು ಬರಲಿ ಅಂತ ಇಟ್ಟದ್ದು. ಇವಳ ಹೆರಿಗೆಗೆ ಇರುವುದು ಅದೊಂದೇ" ಎಂದಳು ರುಕ್ಕಕ್ಕ. ನನ್ನನ್ನು ನೋಡಿದ್ದೀಯಾ ಎಂದು ಕೇಳಿದೆ. "ಇಲ್ಲ ಧನಿಗಳೇ, ಇವತ್ತೇ ನೋಡುವುದು."

ಎಂಜಿನಿನ ಚೆಕ್ಕನ್ನು ಅಲ್ಲಿಯೇ ಹರಿದೆ. ಸೋಣ ತಿಂಗಳಲ್ಲಿ ಅವಳ ಅಳಿಯ ಬ್ಯಾಂಕಿಗೆ ಹೋಗಿ ಹಣ ತಂದ. ಎರಡು ಪುಸ್ತಕವೂ ತಾಳೆಯಾದವು.

ಮನಸ್ಸಾಕ್ಷಿ ಮಾತಾಡಿದ್ದಿರಬೇಕು ಎಂದು ಸ್ನೇಹಿತರು ಹೇಳುತ್ತಾರೆ. ಇರಬಹುದು. ಆದರೆ ನನ್ನ ಮನಸ್ಸಾಕ್ಷಿಗೆ ಮುಡಿಯ ವಿಷಯ ಹೇಗೆ ಗೊತ್ತು? ಆ ಕಿವಿ? ಅವಳಿಗೆ ಚೆಕ್ಕು ಕೊಟ್ಟ ಮೋನಪ್ಪನಿಗೂ ಕಿವಿಯ ನೆನಪಿರಲಿಲ್ಲ. ಇವತ್ತಿಗೂ ನನಗೆ ತಿಳಿದಿಲ್ಲ.

ತಿಳಿದದ್ದನ್ನಷ್ಟೇ ಹೇಳುತ್ತೇನೆ. ತಿಂಗಳಿಗೊಮ್ಮೆ ಎರಡು ಪುಸ್ತಕ ಅಕ್ಕಪಕ್ಕದಲ್ಲಿಟ್ಟು ಸಾಲು ಸಾಲಾಗಿ ಗುರುತು ಹಾಕಿ. ನೀವು ಕೊಟ್ಟು ಬ್ಯಾಂಕಿಗೆ ಬಾರದ ಚೆಕ್ಕಿನ ಹಣವನ್ನು ಪಾಸ್‌ಪುಸ್ತಕದ ಮೊತ್ತದಿಂದ ಕಳೆಯಿರಿ, ಉಳಿದದ್ದು ಮಾತ್ರ ನಿಮ್ಮದು. ಮೊತ್ತದ ಜೊತೆಗೆ ಹೆಸರು, ಊರು ಬರೆದಿಡಿ. ತಿಂಗಳು ಎರಡಾದರೆ ಬಸ್ಸು ಹತ್ತಿ ಹೋಗಿ ವಿಚಾರಿಸಿ. ಅವರಾಗಿಯೇ ಬರುವವರೆಗೆ ಕಾಯಬೇಡಿ.