ಕಡ್ಡಿ ಸಮೇತ ಹಾರಿಸಿದ ಮೊದಲ ಈಡು

"ಅತ್ಗೇ, ಕಡ್ಡಿ! ಕಡ್ಡಿ ತೆಗೀರಿ!" ಎಂದು ಮೈದುನ ಹಿಂದಿನಿಂದ ಕೂಗಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು.

ಆದರೆ ಅಷ್ಟರಲ್ಲಿ ನಾನು ಟ್ರಿಗರ್ ಒತ್ತಿಯಾಗಿತ್ತು...

ಮೊನ್ನೆ ಭಾನುವಾರ, ಜವಳಗಿರಿ ಹತ್ತಿರದ ನಮ್ಮ ಹೊಲದಲ್ಲಿ ನಡೆದದ್ದು. ತುಪಾಕಿ ನಮ್ಮ ಯಜಮಾನರದು. ರಾಗಿಗೆ ಬರುವ ಕಾಡುಹಂದಿ ಹೆದರಿಸಲು ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿದ್ದರು.

ಅವರು ತೀರಿಹೋದ ಮೇಲೆ ಅದು ಪೊಲೀಸ್ ಸ್ಟೇಷನ್ನಿನಲ್ಲಿತ್ತು. ಓಡಾಡಿ ಓಡಾಡಿ ಲೈಸೆನ್ಸ್ ನನ್ನ ಹೆಸರಿಗಾಯಿತು, ತುಪಾಕಿ ಮನೆಗೆ ಬಂತು.

ಹೊಸೂರಿನಲ್ಲಿ ಕಂಪನಿ ಕೆಲಸದಲ್ಲಿರುವ ಮೈದುನನಿಗೆ ಇದು ಸ್ವಲ್ಪವೂ ಇಷ್ಟವಿರಲಿಲ್ಲ. "ಗೋಡೆಗೆ ನೇತಾಕಕ್ಕೆ ಅದೇನು ಕ್ಯಾಲೆಂಡ್ರಾ ಅತ್ಗೆ? ಒಂದ್ ಈಡು ಒಡ್ದು ತೋರ್ಸಿ, ಆಮೇಲೆ ಇಕ್ಕಳಿ. ಆಗ್ಲಿಲ್ಲಾಂದ್ರೆ ನಾಳೇನೇ ಸ್ಟೇಷನ್‌ಗೆ ಒಪ್ಸ್‌ಬುಡಾಣ" ಎಂದ.

ಅವರ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟಿದ್ದೇನೆ. ಬೈಕನ್ನು ಮೈದುನನೇ ಓಡಿಸುತ್ತಾನೆ.

ಇದೊಂದನ್ನು ಕೊಡಲು ಮನಸ್ಸು ಬರಲಿಲ್ಲ. ಒಪ್ಪಿಕೊಂಡೆ.

ಕನ್ನಡಿ ಮುಂದೆ ಪೊರಕೆ ಹಿಡಿದು ಪ್ರಾಕ್ಟೀಸ್ ಮಾಡಿದೆ. ನನಗೆ ಎಡಗಣ್ಣು ಮುಚ್ಚಿದರೆ ಬಲಗಣ್ಣೂ ಜೊತೆಗೇ ಮುಚ್ಚಿಕೊಳ್ಳುತ್ತದೆ. ಇಷ್ಟು ವರ್ಷ ಇದು ಗೊತ್ತೇ ಇರಲಿಲ್ಲ.

ಇದು ಹಳೇ ಕಾಲದ ತುಪಾಕಿ. ನಳಿಗೆಯ ಬಾಯಿಯಿಂದ ಕರಿಮದ್ದು ಸುರಿದು, ಮೇಲೆ ತೆಂಗಿನ ನಾರು ತುರುಕಿ, ಉದ್ದನೆಯ ಕಬ್ಬಿಣದ ಕಡ್ಡಿಯಿಂದ ಜಡಿಯಬೇಕು. ಆಮೇಲೆ ಹಿಂದೆ ಕಿಡಿ ಹಾರಿಸುವ ಒಂದು ಸಣ್ಣ ಕೇಪು ಇಟ್ಟು ಹೊಡೆಯಬೇಕು.

ಮೊದಲ ಸಲಕ್ಕೆ ಬರೀ ಮದ್ದು ಸಾಕು, ಸದ್ದು ಬಂದರೆ ಪಾಸ್ ಎಂದ ಮೈದುನ. ಗುರಿ ಅಂತ ಏನೂ ಇಲ್ಲ. ಎದುರಿಗಿನ ಕೆರೆ ಏರಿ ಕಡೆ ಹಿಡಿದರೆ ಆಯಿತು.

ಮದ್ದು ಸುರಿದೆ, ನಾರು ತುರುಕಿದೆ, ಜಡಿದೆ. ಕೇಪು ಇಟ್ಟೆ. ಸೆರಗು ಬಿಗಿದುಕೊಂಡು, ದೊಡ್ಡ ಬೇಟೆಗಾರ್ತಿಯ ಹಾಗೆ ನಿಂತೆ. ಜಡಿದ ಕಡ್ಡಿಯನ್ನು ಹೊರಗೆ ತೆಗೆಯಬೇಕು ಅನ್ನುವುದೊಂದು ಮರೆತೇ ಹೋಗಿತ್ತು.

ಢಂ!

ಭುಜಕ್ಕೆ ಎಮ್ಮೆ ಗುದ್ದಿದ ಹಾಗಾಯಿತು. ಯಜಮಾನರು ಹೊಡೆಯುವಾಗಲೆಲ್ಲ ನಾನು ಅಡುಗೆಮನೆಯಲ್ಲಿ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅದೇ ಅಭ್ಯಾಸದಲ್ಲಿ ತುಪಾಕಿ ಬಿಟ್ಟು ಕಿವಿ ಮುಚ್ಚಿಕೊಂಡು, ರಾಗಿ ಕೂಳೆಯ ಮೇಲೆ ಕುಕ್ಕರಿಸಿದೆ.

ಸುತ್ತ ಬಿಳಿ ಹೊಗೆ, ಪಟಾಕಿ ವಾಸನೆ. ಹೊಗೆಯೊಳಗಿಂದ ಮೈದುನನ ದನಿ ಮಾತ್ರ ಬರುತ್ತಿದೆ.

"ಅಯ್ಯೋ, ಬಾಣ ಬುಟ್ಟಂಗೆ ಬುಟ್ರಲ್ಲ ಅತ್ಗೆ! ಕಡ್ಡಿ ಏರಿ ದಾಟಿ ಓಗ್ಬುಡ್ತು! ನಳಿಗೆ ಸೀಳಿದ್ರೆ ಏನ್ ಗತಿ? ಸಾಕು, ನಾಳೇನೇ ಒಪ್ಸಾಣ."

ಗುರಿಯೇ ಇಲ್ಲದ ಈಡನ್ನೂ ತಪ್ಪಿಸಿದವಳು ನಾನು. ತಲೆ ತಗ್ಗಿಸಿ ಸೀರೆ ಕೊಡವುತ್ತಿದ್ದೇನೆ...

ಆಗ ಹೊಲದಂಚಿನ ಮನೆ ಜಗಲಿಯಿಂದ ನಮ್ಮತ್ತೆಯ ಕೂಗು. ಮಲಗಿದ್ದವರಿಗೆ ಸದ್ದಿಗೆ ಎಚ್ಚರವಾಗಿದೆ.

"ಬಿತ್ತೇನ್ಲಾ ನಂಜಾ?"

ನಂಜಪ್ಪ ನಮ್ಮ ಯಜಮಾನರ ಹೆಸರು.

ಮೈದುನ ನನ್ನ ಕಡೆ ನೋಡಿದ. ಯಾರಾದರೂ ಉತ್ತರ ಕೊಡಲೇಬೇಕಲ್ಲ.

"ಇಲ್ಲ ಅತ್ತೇ, ತಪ್ಪೋಯ್ತು" ಎಂದೆ.



"ನೀನಾ ತಾಯಿ..." ಅಂದರು ಅತ್ತೆ. "ಓಗ್ಲಿ ಬುಡು. ಅವುನ್ಗೂ ಯಾವತ್ ಬಿದ್ದಿತ್ತು? ಹಂದಿಗೋಳು ನಗ್ತಾ ಓಯ್ತಿದ್ವು."

ಮೊದಲು ನಕ್ಕವನು ಮೈದುನ. ಆಮೇಲೆ ನಾನು. ಅವರು ಹೋದ ಮೇಲೆ ಆ ಹೊಲದಲ್ಲಿ ನಾವಿಬ್ಬರೂ ನಕ್ಕದ್ದು ಅದೇ ಮೊದಲು. ನಗುತ್ತಾ ನಗುತ್ತಾ ಅವನು ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡ. ನಾನು ನೋಡದ ಹಾಗೆ ಇದ್ದೆ.

ಆಮೇಲೆ ತುಪಾಕಿ ಎತ್ತಿಕೊಂಡು ನಳಿಗೆಯ ಮಣ್ಣು ಒರೆಸಿದ. "ಬಿಸ್ನೀರು ಕಾಯಕ್ಕಿಕ್ಕಿ ಅತ್ಗೆ. ಇವತ್ತೇ ತೊಳೀದಿದ್ರೆ ತುಕ್ಕಿಡಿಯುತ್ತೆ. ಡೆಂಕಣಿಕೋಟೆಲಿ ಹೊಸ ಕಡ್ಡಿ ಮಾಡ್ಸ್ಕೊಂಡ್ ಬತ್ತೀನಿ."

ಸ್ಟೇಷನ್ನಿನ ಮಾತು ಮತ್ತೆ ಬರಲಿಲ್ಲ.

ಭುಜ ಇನ್ನೂ ನೀಲಿಗಟ್ಟಿದೆ, ಕೈ ಎತ್ತಿ ಜಡೆ ಹಾಕಿಕೊಳ್ಳಲು ಆಗುತ್ತಿಲ್ಲ... ಈ ನೋವು ಇನ್ನೊಂದು ಸ್ವಲ್ಪ ದಿನ ಇರಲಿ ಅಂತ ನಿಮಗೆ ಯಾವತ್ತಾದರೂ ಅನ್ನಿಸಿದೆಯಾ?